ಮನೆಯಲ್ಲಿ ವಿಮಾನ ಕಟ್ಟುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರು ಬಿಟ್ಟುಹೋದ ಮಾತು. ಎರಡೂ ಕಾರ್ಯಗಳಲ್ಲಿ ಹಣದ ಲೆಕ್ಕ ತಪ್ಪುತ್ತದೆ, ದಿನಗಳ ಲೆಕ್ಕ ತಪ್ಪುತ್ತದೆ, ಕೊನೆಗೆ ಮನುಷ್ಯನಿಗೆ ತನ್ನ ಅಳತೆ ತಿಳಿಯುತ್ತದೆ. ಇವೆರಡರ ಸಾಲಿಗೆ ಸೇರಬಹುದಾದ ಮೂರನೆಯ ಕಾರ್ಯವೊಂದು ಈ ಕಾಲದಲ್ಲಿ ಹುಟ್ಟಿಕೊಂಡಿದೆ. ಅದು ಮನೆಯಲ್ಲಿಯೇ ವಿಮಾನ ಕಟ್ಟುವುದು. ಓದುಗರು ಇದನ್ನು ವಿನೋದವೆಂದು ಭಾವಿಸಬಾರದು. ಅಮೆರಿಕ, ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಸಾಮಾನ್ಯ ನೌಕರಿಯ ಜನರು ತಮ್ಮ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಒಂದೆರಡು, ನಾಲ್ಕು ಆಸನಗಳ ವಿಮಾನಗಳನ್ನು ಕಟ್ಟಿ ಹಾರಿಸುತ್ತಿದ್ದಾರೆ. ನಮ್ಮ ದೇಶದಲ್ಲಿಯೂ ಕೆಲವರು ಆ ಸಾಹಸ ಮಾಡಿದ್ದಾರೆ.

ಸಂಪಗಾಂವ, ಬೈಲಹೊಂಗಲ, ಕಿತ್ತೂರು ಸುತ್ತಿನ ನಮ್ಮ ಹಳ್ಳಿಗಳಿಗೆ ಈ ವಿಷಯ ದೂರದ್ದೆಂದು ತೋರಬಹುದು. ಸಾಂಬ್ರಾದಿಂದ ಏರಿದ ವಿಮಾನವನ್ನು ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವುದಷ್ಟೇ ನಮಗೆ ಅದರೊಡನೆ ಇದ್ದ ನಂಟು. ಆದರೆ ಇಂದು ನಮ್ಮ ಮನೆತನಗಳ ಮಕ್ಕಳು ಹೊರದೇಶಗಳಲ್ಲಿ ಎಂಜಿನಿಯರುಗಳಾಗಿದ್ದಾರೆ. ಊರಲ್ಲಿರುವ ಹುಡುಗರ ಕೈಯಲ್ಲಿರುವ ಮೊಬೈಲು ಜಗತ್ತಿನ ಎಲ್ಲ ಕಾರ್ಖಾನೆಗಳನ್ನೂ ತೋರಿಸುತ್ತದೆ. ಮಗನೊಬ್ಬ ಒಂದು ದಿನ ತಂದೆತಾಯಿಯ ಮುಂದೆ, ಹೆಂಡತಿಯ ಮುಂದೆ ಕುಳಿತು ‘ನಾನೊಂದು ವಿಮಾನ ಕಟ್ಟುತ್ತೇನೆ’ ಎಂದರೆ ಆ ಮನೆಯವರು ಏನು ಹೇಳಬೇಕು? ನಗಬೇಕೋ, ಹೆದರಬೇಕೋ, ಹರಸಬೇಕೋ? ಈ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ವಸ್ತುವನ್ನು ತಿಳಿಯೋಣ. ಕಿಟ್ ವಿಮಾನವೆಂದರೆ ಬಿಡಿಭಾಗಗಳಾಗಿ ಮರದ ಪೆಟ್ಟಿಗೆಗಳಲ್ಲಿ ಬರುವ ವಿಮಾನ. ಕತ್ತರಿಸಿದ ಅಲ್ಯೂಮಿನಿಯಂ ತಗಡು, ರೆಕ್ಕೆಯ ಪಕ್ಕೆಲುಬುಗಳು, ಕೊಳವೆಗಳು, ಬೋಲ್ಟುಗಳು, ದಪ್ಪನೆಯ ಕೈಪಿಡಿ ಇವೆಲ್ಲ ಅದರಲ್ಲಿರುತ್ತವೆ. ಎಂಜಿನ್ನನ್ನೂ ಉಪಕರಣಗಳನ್ನೂ ಸಾಮಾನ್ಯವಾಗಿ ಬೇರೆಯಾಗಿ ಕೊಳ್ಳಬೇಕು. ಅಮೆರಿಕದ ನಿಯಮದ ಪ್ರಕಾರ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಟ್ಟುವವರೇ ಮಾಡಿರಬೇಕು, ಅದೂ ಕಲಿಕೆಗಾಗಿ ಅಥವಾ ಮನಸ್ಸಂತೋಷಕ್ಕಾಗಿ. ಈ ಹವ್ಯಾಸವನ್ನು ಒಂದು ಸಂಘಟನೆಯಾಗಿ ಬೆಳೆಸಿದವರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಮುಖ್ಯರು. 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಅವರು ಆರಂಭಿಸಿದ ಪ್ರಾಯೋಗಿಕ ವಿಮಾನ ಸಂಘವು ಇಂದಿಗೂ ಇಂಥವರಿಗೆ ಆಸರೆಯಾಗಿದೆ.

ಕನ್ನಡನಾಡಿಗೆ ಈ ವಿದ್ಯೆ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1941ರಲ್ಲಿ ಅಲ್ಲಿಂದ ಹಾರಿದ ಮೊದಲ ವಿಮಾನ, ಅಮೆರಿಕದಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಗೊಂಡ ಹಾರ್ಲೋ ಎಂಬ ತರಬೇತಿ ವಿಮಾನ. ದೇಶದ ವಿಮಾನ ಉದ್ಯಮವು ಹೀಗೆ ಪೆಟ್ಟಿಗೆ ಬಿಚ್ಚಿ ಜೋಡಿಸುವುದರಿಂದಲೇ ಆರಂಭವಾಯಿತು.

ಎರಡನೆಯ ನಿದರ್ಶನ ಇನ್ನೂ ಹತ್ತಿರದ್ದು. ಅಮೆರಿಕದ ವಿನ್ಯಾಸಕಾರ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ‘ಲಾಂಗ್ ಈಝೀ’ ಎಂಬ ಸಣ್ಣ ವಿಮಾನವನ್ನು ರೂಪಿಸಿ ಅದರ ನಕ್ಷೆಗಳನ್ನು ಮಾರುತ್ತಿದ್ದರು. ನೊರೆಯಂತಹ ಹಗುರ ವಸ್ತುವನ್ನು ಬಿಸಿ ತಂತಿಯಿಂದ ಕೊಯ್ದು ಆಕಾರ ಕೊಟ್ಟು, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಅಂಟಿನಿಂದ ಹೊದಿಸುವುದು ಅದರ ಕ್ರಮ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು 1980ರ ದಶಕದಲ್ಲಿ ಇದೇ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಸಂಶೋಧನೆಗಾಗಿ ಒಂದು ಹಗುರ ವಿಮಾನವನ್ನು ಕಟ್ಟಿದರು. ಅದು 1987ರಲ್ಲಿ ಹಾರಿತು. ದೊಡ್ಡ ಪ್ರಯೋಗಾಲಯವೊಂದು ಹವ್ಯಾಸಿಗಳ ನಕ್ಷೆಯನ್ನು ಕೈಗೆತ್ತಿಕೊಳ್ಳಲು ನಾಚಲಿಲ್ಲ. ಕಲಿಯುವುದೇ ಅವರ ಉದ್ದೇಶವಾಗಿತ್ತು. ಮುಂದೆ 1993ರ ನವೆಂಬರಿನಲ್ಲಿ ಅದೇ ಸಂಸ್ಥೆಯ ‘ಹಂಸ’ ತರಬೇತಿ ವಿಮಾನ ಹಾರಿತು. ಅದರ ದೇಹವೂ ಇಂಥ ನಾರು ಮತ್ತು ಅಂಟಿನ ಸಂಯುಕ್ತ ವಸ್ತುವಿನದು. ಅದರ ಹೊಸ ಮಾದರಿ 2021ರ ಸೆಪ್ಟೆಂಬರಿನಲ್ಲಿ ಆಕಾಶ ಕಂಡಿತು.

ಮೂರನೆಯದು ರಾಜಹಂಸ ಅಲ್ಟ್ರಾಲೈಟ್ಸ್. ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆಸಿದ ಜೋಯೆಲ್ ಕೋಶ್ಲಿನ್ ಅವರು ಬೆಂಗಳೂರಿನಲ್ಲಿ ನಡೆಸಿದ ಈ ಸಂಸ್ಥೆಯು ‘ಎಕ್ಸ್ ಏರ್’ ಎಂಬ ಎರಡು ಆಸನಗಳ ಹಗುರ ವಿಮಾನದ ಕಿಟ್ಟುಗಳನ್ನು ತಯಾರಿಸಿ ಹೊರದೇಶಗಳಿಗೆ ಕಳುಹಿಸಿತು. ಪ್ಯಾರಿಸ್ಸಿನ ಐಫೆಲ್ ಗೋಪುರದ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದ ಮೋರಿಸ್ ಕೋಶ್ಲಿನ್ ಅವರ ವಂಶಸ್ಥರು ಇವರು. ಅಲ್ಯೂಮಿನಿಯಂ ಕೊಳವೆಗಳನ್ನು ಬೋಲ್ಟಿನಿಂದ ಬಿಗಿದ ಚೌಕಟ್ಟು, ಅದರ ಮೇಲೆ ಬಟ್ಟೆಯ ಹೊದಿಕೆ, ಇದಿಷ್ಟೇ ಆ ವಿಮಾನದ ಸರಳ ರಚನೆ. ಕನ್ನಡನಾಡಿನಲ್ಲಿ ಹೊಲಿದ ರೆಕ್ಕೆಯನ್ನು ಬ್ರಿಟನ್ನಿನ, ಫ್ರಾನ್ಸಿನ ಗೃಹಸ್ಥರು ತಮ್ಮ ಶೆಡ್ಡಿನಲ್ಲಿ ತೊಡಿಸಿ ಹಾರಿದ್ದಾರೆ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ಹೀಗೆ ಕಾರ್ಯವು ಸಾಧ್ಯವೆಂಬುದು ಸಿದ್ಧವಾಯಿತು. ಆದರೆ ಸಾಧ್ಯವಾದುದೆಲ್ಲವೂ ತಕ್ಕುದಾಗಿರಬೇಕಿಲ್ಲ. ನಿರ್ಧಾರವೆಂಬುದು ಇಲ್ಲಿಂದಲೇ ತೊಡಗುತ್ತದೆ.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ ಅದರಲ್ಲಿ ಮೂರು ಕ್ರಿಯೆಗಳನ್ನು ಗುರುತಿಸುತ್ತಾರೆ. ಮೊದಲನೆಯದು ಆಲೋಚನೆ, ಅಂದರೆ ವಿಚಾರಿಸುವುದು. ಎರಡನೆಯದು ತೀರ್ಪು, ವಿಚಾರಿಸಿದ್ದನ್ನು ತೂಗಿ ನೋಡುವುದು. ಮೂರನೆಯದು ಆಜ್ಞೆ, ತೂಗಿದ್ದನ್ನು ಕಾರ್ಯಕ್ಕೆ ಇಳಿಸುವುದು. ಮೂರರಲ್ಲಿ ಮೂರನೆಯದೇ ಮುಖ್ಯವೆಂದು ಅವರ ಮತ. ನಾವು ಸಾಮಾನ್ಯವಾಗಿ ನಿರ್ಧಾರವೆಂದು ಕರೆಯುವುದು ಎರಡನೆಯದನ್ನು ಮಾತ್ರ. ‘ಆಯಿತು, ಕಟ್ಟೋಣ’ ಎಂದ ಕ್ಷಣವೇ ನಿರ್ಧಾರ ಮುಗಿಯಿತೆಂದು ತಿಳಿಯುತ್ತೇವೆ. ಈ ಮೂರು ಮೆಟ್ಟಿಲುಗಳನ್ನು ವಿಮಾನದ ವಿಷಯಕ್ಕೆ ಅನ್ವಯಿಸಿ ನೋಡೋಣ.

ಮೊದಲನೆಯದು ಆಲೋಚನೆ. ಶುಭಸಂದೇಶಕಾರ ಲೂಕನು ದಾಖಲಿಸಿರುವ ಗೋಪುರ ಕಟ್ಟುವವನ ಸಾಮತಿಯನ್ನು ಓದುಗರು ಬಲ್ಲರು. ಅಸ್ತಿವಾರ ಹಾಕುವ ಮುನ್ನ ಕುಳಿತು ಲೆಕ್ಕ ಹಾಕದವನು ಊರವರ ನಗೆಗೆ ಗುರಿಯಾಗುತ್ತಾನೆ. ವಿಮಾನದ ಲೆಕ್ಕದಲ್ಲಿ ಹಣ, ಕಾಲ, ಸ್ಥಳ, ಕಾನೂನು ಎಂಬ ನಾಲ್ಕು ಅಂಕಣಗಳಿವೆ.

ಹಣದ ವಿಷಯದಲ್ಲಿ ಕೇರಳ ಮೂಲದ ಅಶೋಕ್ ತಾಮರಾಕ್ಷನ್ ಅವರ ಉದಾಹರಣೆ ಕಣ್ಣ ಮುಂದಿದೆ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಎಂಜಿನಿಯರ್ ಆಗಿರುವ ಇವರು 2018ರಲ್ಲಿ ಚಾಲಕನ ಪರವಾನಗಿ ಪಡೆದರು. ಕೋವಿಡ್ ಕಾಲದಲ್ಲಿ ದಕ್ಷಿಣ ಆಫ್ರಿಕದಲ್ಲಿ ತಯಾರಾಗುವ ‘ಸ್ಲಿಂಗ್’ ಎಂಬ ನಾಲ್ಕು ಆಸನಗಳ ವಿಮಾನದ ಕಿಟ್ಟನ್ನು ತರಿಸಿ ಸುಮಾರು 18 ತಿಂಗಳು ದುಡಿದು ಕಟ್ಟಿದರು. 2022ರಲ್ಲಿ ಅದು ಹಾರಿತು. ಕುಟುಂಬದೊಡನೆ ಅದರಲ್ಲಿ ಯೂರೋಪಿನ ದೇಶಗಳನ್ನು ಸುತ್ತಿದರು. ಒಟ್ಟು ವೆಚ್ಚ ಸುಮಾರು 1.8 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಸರಳವಾದ ಬಟ್ಟೆ ರೆಕ್ಕೆಯ ವಿಮಾನಕ್ಕೆ ಇಷ್ಟು ತಗಲದು. ಆದರೂ ಎಂಜಿನ್, ವಿಮೆ, ನಿಲ್ಲಿಸುವ ಜಾಗದ ಬಾಡಿಗೆ, ವರ್ಷವರ್ಷದ ತಪಾಸಣೆ ಇವು ಕಿಟ್ಟಿನ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. ಮದುವೆಯ ಖರ್ಚಿಗೆ ಮಂಟಪದ ಬಾಡಿಗೆಯನ್ನು ಮಾತ್ರ ಹಿಡಿದವನಂತೆ ಆಗಬಾರದು.

ಕಾಲದ ಲೆಕ್ಕ ಹಣಕ್ಕಿಂತ ಕಠಿಣ. ಅಮೆರಿಕದ ವ್ಯಾನ್ಸ್ ಕಂಪನಿಯ ತಗಡಿನ ಎರಡು ಆಸನಗಳ ವಿಮಾನಕ್ಕೆ 1,500ರಿಂದ 2,500 ಗಂಟೆಗಳ ದುಡಿಮೆ ಬೇಕಾಗುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್‌ಗಳನ್ನು ಬಡಿಯಬೇಕು. ನೌಕರಿಯಿರುವವನು ವಾರಕ್ಕೆ 10 ಗಂಟೆ ಕೊಟ್ಟರೆ 2,000 ಗಂಟೆಗೆ 200 ವಾರಗಳಾದವು, ಹೆಚ್ಚುಕಡಿಮೆ ನಾಲ್ಕು ವರ್ಷ. ಆರನೆಯ ತರಗತಿಯ ಮಗಳು ಹತ್ತನೆಯ ತರಗತಿಗೆ ಬಂದಿರುತ್ತಾಳೆ. ಆ 10 ಗಂಟೆಗಳು ಎಲ್ಲಿಂದ ಬಂದವು? ಆಕೆಯ ಪಾಠದ ಹೊತ್ತಿನಿಂದಲೇ, ಹೆಂಡತಿಯೊಡನೆ ಸಂತೆಗೆ ಹೋಗುವ ಹೊತ್ತಿನಿಂದಲೇ, ಭಾನುವಾರದ ಬೆಳಗಿನಿಂದಲೇ? ಹಣವನ್ನು ಮತ್ತೆ ಗಳಿಸಬಹುದು, ಮಗಳ ಬಾಲ್ಯವನ್ನು ಗಳಿಸಲಾಗದು.

ಸ್ಥಳದ ವಿಷಯದಲ್ಲಿ ಮುಂಬಯಿಯ ಕ್ಯಾಪ್ಟನ್ ಅಮೋಲ್ ಯಾದವ್ ಅವರ ಕಥೆ ದೇಶಕ್ಕೆಲ್ಲ ತಿಳಿದದ್ದು. ಅವರದು ಕಿಟ್ ಅಲ್ಲ, ತಮ್ಮದೇ ವಿನ್ಯಾಸ. ಕಾಂದಿವಲಿಯ ವಸತಿ ಕಟ್ಟಡದ ಮಹಡಿಯ ಮೇಲೆ ಆರು ಆಸನಗಳ ವಿಮಾನವನ್ನು ವರ್ಷಾನುಗಟ್ಟಲೆ ಕಟ್ಟಿದರು. 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನಕ್ಕೆ ಅದನ್ನು ಒಯ್ಯಲು ಭಾಗಗಳಾಗಿ ಬಿಚ್ಚಿ ಕ್ರೇನಿನಿಂದ ಕೆಳಗಿಳಿಸಬೇಕಾಯಿತು. ಒಳಗೆ ಕಟ್ಟಿದ್ದು ಹೊರಗೆ ಬರುವ ಬಾಗಿಲನ್ನು ಮೊದಲೇ ಅಳೆಯಬೇಕೆಂಬ ಪಾಠ ಸಣ್ಣದಲ್ಲ.

ಕಾನೂನಿನ ಬಾಗಿಲು ಇನ್ನೂ ಕಿರಿದು. ಅಮೋಲ್ ಯಾದವ್ ಅವರ ನೋಂದಣಿಯ ಪ್ರಯತ್ನ 2011ರಷ್ಟು ಹಿಂದಿನದು. ನೋಂದಣಿ ದೊರೆತದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ, ಧುಳೆಯಲ್ಲಿ ಹಾರಾಟದ ಪರೀಕ್ಷೆ 2020ರಲ್ಲಿ. ನಮ್ಮ ದೇಶದಲ್ಲಿ 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ, ಹಾರಾಟದ ಅನುಮತಿ, ಚಾಲಕನ ಪರವಾನಗಿ ಇಲ್ಲದೆ ಹೊಲದಿಂದ ವಿಮಾನ ಏರಿಸುವುದು ಸಾಹಸವಲ್ಲ, ಅಪರಾಧ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿದ್ದನ್ನು ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಕಟ್ಟಿ ಹಾರಲು ಹೊರಟರೆ ತಡೆಯುವ ಹೊಣೆ ಹಿರಿಯರದು. ಜೊತೆಗೆ, ಆ ಹುಡುಗನ ಕೈಗುಣವನ್ನು ಗುರುತಿಸಿ ಒಳ್ಳೆಯ ಕಾರ್ಯಾಗಾರಕ್ಕೋ ಐ.ಟಿ.ಐ.ಗೋ ದಾರಿ ತೋರಿಸುವುದೂ ಹಿರಿಯರದೇ ಹೊಣೆ.

ಇನ್ನು ತೀರ್ಪು. ಲೆಕ್ಕ ಮುಗಿದ ಮೇಲೆ ಯಾರು ತೀರ್ಮಾನಿಸಬೇಕು? ಇಲ್ಲಿ ಜಗತ್ತಿನ ಮೊದಲ ವಿಮಾನ ಕಟ್ಟಿದ ಮನೆಯನ್ನೇ ನೋಡುವುದು ಒಳ್ಳೆಯದು. ರೈಟ್ ಸಹೋದರರ ತಂದೆ ಮಿಲ್ಟನ್ ರೈಟ್ ಒಂದು ಪ್ರಾಟೆಸ್ಟಂಟ್ ಸಭೆಯ ಧರ್ಮಾಧ್ಯಕ್ಷರು. 1878ರಲ್ಲಿ ಮಕ್ಕಳಿಗೆ ಹಾರುವ ಆಟಿಕೆಯೊಂದನ್ನು ತಂದುಕೊಟ್ಟವರು ಅವರೇ. 1899ರ ಮೇ 30ರಂದು ಹಿರಿಯ ವಿಲ್ಬರ್ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಪತ್ರ ಬರೆದು, ಹಾರಾಟದ ಬಗ್ಗೆ ಪ್ರಕಟವಾದ ಬರಹಗಳನ್ನು ಕೇಳಿದನು. ಅವರ ನಿರ್ಧಾರ ಆರಂಭವಾದದ್ದು ಸುತ್ತಿಗೆಯಿಂದಲ್ಲ, ಓದಿನಿಂದ. ಡೇಟನ್ ಪಟ್ಟಣದ ಸೈಕಲ್ ಅಂಗಡಿಯಲ್ಲಿ ದುಡಿದು 1903ರ ಡಿಸೆಂಬರ್ 17ರಂದು 12 ಸೆಕೆಂಡುಗಳಲ್ಲಿ 120 ಅಡಿ ಹಾರಿದರು. ಇಬ್ಬರು ಮಕ್ಕಳನ್ನು ಒಂದೇ ಅಪಘಾತದಲ್ಲಿ ಕಳೆದುಕೊಳ್ಳಬಾರದೆಂದು ತಂದೆ ಅವರು ಜೊತೆಯಾಗಿ ಹಾರುವುದನ್ನು ಒಪ್ಪಿರಲಿಲ್ಲ. ಜಗತ್ಪ್ರಸಿದ್ಧರಾದ ಮೇಲೂ ಮಕ್ಕಳು ಆ ಮಾತನ್ನು ಪಾಲಿಸಿದರು. ತಂದೆಯ ಅನುಮತಿಯಿಂದ 1910ರ ಮೇ 25ರಂದು ಒಮ್ಮೆ ಮಾತ್ರ ಇಬ್ಬರೂ ಒಟ್ಟಿಗೆ ಹಾರಿದರು. ಅದೇ ದಿನ 81 ವರ್ಷದ ಆ ತಂದೆಯೂ ಕಿರಿಯ ಮಗ ಓರ್ವಿಲ್ ಜೊತೆ ಮೊದಲ ಬಾರಿಗೆ ಆಕಾಶಕ್ಕೇರಿದರು.

ಮನೆಯವರು ಹಾಕುವ ಶರತ್ತು ಕನಸಿಗೆ ಅಡ್ಡಿಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹೆಂಡತಿ ‘ಹಾರು, ಆದರೆ ಮಕ್ಕಳನ್ನು ಕೂರಿಸುವ ಮುನ್ನ ಇಷ್ಟು ಗಂಟೆ ಒಬ್ಬನೇ ಹಾರು’ ಎಂದರೆ ಅದು ಭಯದ ಮಾತಲ್ಲ, ಕಾನೂನೂ ಅದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನವು ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ಪ್ರಯಾಣಿಕರಿಲ್ಲದೆ ಮುಗಿಸಬೇಕೆಂಬ ಕ್ರಮವಿದೆ. ಕೇರಳದ ಇಡುಕ್ಕಿ ಜಿಲ್ಲೆಯ ಸಜಿ ಥಾಮಸ್ ಕಿವಿ ಕೇಳದ, ಮಾತು ಬಾರದ ಬಡ ಯುವಕ. ವರ್ಷಗಳ ದುಡಿಮೆಯಿಂದ ಎರಡು ಆಸನಗಳ ಹಗುರ ವಿಮಾನವನ್ನು ತಾನೇ ಕಟ್ಟಿದ. ಅದನ್ನು ಹಾರಿಸಿ ಪರೀಕ್ಷಿಸಿದವರು ಅನುಭವಿಯಾದ ನಿವೃತ್ತ ವಾಯುಪಡೆ ಅಧಿಕಾರಿ. ಕಟ್ಟುವ ಕೈ ಮತ್ತು ಹಾರಿಸುವ ಕೈ ಬೇರೆಬೇರೆಯೆಂದು ಒಪ್ಪಿಕೊಂಡದ್ದು ಅವನ ವಿವೇಕ.

ಮೂರನೆಯದು ಆಜ್ಞೆ. ಒಮ್ಮೆ ಒಪ್ಪಿದ ಮೇಲೆ ನಿರ್ಧಾರವು ಪ್ರತಿ ರಾತ್ರಿ ಮತ್ತೆ ಮಾಡಬೇಕಾದ ಕೆಲಸವಾಗುತ್ತದೆ. ನಮ್ಮ ಎರೆಹೊಲದ ರೈತನ ಕೂರಿಗೆಯನ್ನು ನೆನೆಯೋಣ. ಬಡಿಗನು ಅದರ ತಾಳುಗಳ ಅಂತರವನ್ನು ತಪ್ಪಿಸಿದರೆ ಹಿಂಗಾರಿ ಜೋಳ ಮೊಳೆತಾಗ ಸಾಲು ಓರೆಯಾಗಿ ನಿಂತು ಊರಿಗೆಲ್ಲ ಸಾರುತ್ತದೆ. ತಪ್ಪು ಎಂಟು ದಿನದಲ್ಲಿ ಬಯಲಾಗುತ್ತದೆ, ನಷ್ಟ ಒಂದು ಬೆಳೆಯದು. ರೆಕ್ಕೆಯೊಳಗಿನ ರಿವೆಟ್ ಹಾಗಲ್ಲ. ಮೇಲೆ ತಗಡು ಮುಚ್ಚಿದ ಮೇಲೆ ಅದನ್ನು ಕಾಣುವವರಿಲ್ಲ. ಸರಿಯಾಗಿ ಕೂರದ ರಿವೆಟ್ಟನ್ನು ರಾತ್ರಿ ಹನ್ನೊಂದಕ್ಕೆ ಕೊರೆದು ತೆಗೆದು ಮತ್ತೊಂದನ್ನು ಬಡಿಯಬೇಕೋ, ‘ಇರಲಿ ಬಿಡು’ ಎಂದು ದೀಪ ಆರಿಸಬೇಕೋ? ಆ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಮುಂದೆ ಆ ಆಸನದಲ್ಲಿ ಕೂರುವವರ ಪ್ರಾಣವಿದೆ.

ಕೂರುವವರು ಯಾರೆಂಬುದು ಕಟ್ಟುವವನಿಗೆ ತಿಳಿದಿರುವುದಿಲ್ಲ. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅದು ನಾವು ಮೇಲೆ ಹೇಳಿದ ಲಾಂಗ್ ಈಝೀ ವಿನ್ಯಾಸದ್ದೇ; ಕಟ್ಟಿದವರು ಬೇರೊಬ್ಬರು, ಡೆನ್ವರ್ ಅದನ್ನು ಹೊಸದಾಗಿ ಕೊಂಡಿದ್ದರು. ಮೋಟಾರ್ ಸೈಕಲ್ಲನ್ನು ರಿಸರ್ವ್‌ಗೆ ತಿರುಗಿಸುವ ಹಿಡಿಯಂತೆ, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿಯೊಂದು ವಿಮಾನದಲ್ಲಿರುತ್ತದೆ. ನಕ್ಷೆಯಲ್ಲಿ ಸೂಚಿಸಿದ ಜಾಗದ ಬದಲು ಕಟ್ಟಿದವರು ಅದನ್ನು ಚಾಲಕನ ಎಡ ಭುಜದ ಹಿಂದೆ ಇರಿಸಿದ್ದರು. ಇಂಧನ ಕಡಿಮೆಯಾದಾಗ ಡೆನ್ವರ್ ಹಿಂದಕ್ಕೆ ತಿರುಗಿ ಅದನ್ನು ಹಿಡಿಯಲು ಹೋದಾಗ ವಿಮಾನ ಹತೋಟಿ ತಪ್ಪಿತೆಂದು ತನಿಖೆ ತೀರ್ಮಾನಿಸಿತು. ಇಂಧನವನ್ನು ಮೊದಲೇ ತುಂಬಿಸಿಕೊಳ್ಳದಿರುವುದು, ಆ ವಿಮಾನದ ತರಬೇತಿ ಸಾಲದಿರುವುದು ಮೊದಲಾದ ಕಾರಣಗಳೂ ಇದ್ದವು. ಆದರೂ ಹಿಡಿಯ ಆ ಸ್ಥಳವನ್ನು ತನಿಖಾ ಮಂಡಳಿ ಹೆಸರಿಸಿ ಹೇಳಿತು. ಶೆಡ್ಡಿನಲ್ಲಿ ಒಬ್ಬನೇ ಕುಳಿತು ಮಾಡಿದ ಒಂದು ಸಣ್ಣ ಬದಲಾವಣೆ ಅಪರಿಚಿತನೊಬ್ಬನ ಮರಣದ ಕಾರಣಗಳಲ್ಲಿ ಒಂದಾಯಿತು.

ಇದು ಒಂದು ಬಿಡಿ ಘಟನೆಯಲ್ಲ. 2011ರ ಅಪಘಾತಗಳನ್ನು ಅದೇ ಮಂಡಳಿ ಪರಿಶೀಲಿಸಿತು. ಅಮೆರಿಕದ ಸಣ್ಣ ನಾಗರಿಕ ವಿಮಾನಗಳಲ್ಲಿ ಮನೆಯಲ್ಲಿ ಕಟ್ಟಿದವು ಶೇಕಡಾ 10ರಷ್ಟು. ಆದರೆ ಒಟ್ಟು ಅಪಘಾತಗಳಲ್ಲಿ ಅವುಗಳ ಪಾಲು ಶೇಕಡಾ 15, ಪ್ರಾಣಹಾನಿಯ ಅಪಘಾತಗಳಲ್ಲಿ ಶೇಕಡಾ 21. ಆ ವರ್ಷ ಅಪಘಾತಕ್ಕೀಡಾದ ಇಂಥ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕಟ್ಟಿದವರಿಂದ ಬೇರೆಯವರು ಕೊಂಡಿದ್ದಂಥವು. ಎಂದರೆ ಕಟ್ಟುವವನು ತನ್ನ ಪ್ರಾಣವನ್ನು ಮಾತ್ರ ಪಣಕ್ಕಿಡುತ್ತೇನೆಂದು ಹೇಳುವಂತಿಲ್ಲ. ‘ನನ್ನ ಹಣ, ನನ್ನ ಪ್ರಾಣ, ನಿಮಗೇನು?’ ಎಂಬ ವಾದ ಇಲ್ಲಿ ನಿಲ್ಲದು.

ಹಾಗಾದರೆ ಬೇಡವೆನ್ನಬೇಕೇ? ಹಾಗೆ ನಾವು ಹೇಳುವುದಿಲ್ಲ. ಕೈಯಿಂದ ಕೆಲಸ ಮಾಡುವುದನ್ನು ಕೀಳೆಂದು ಕಾಣುವ ಕಾಲದಲ್ಲಿ, ಓದಿದ ಮನುಷ್ಯನೊಬ್ಬ ನಾಲ್ಕು ವರ್ಷ ಸುತ್ತಿಗೆ ಹಿಡಿದು ಒಂದು ವಸ್ತುವನ್ನು ಸರಿಯಾಗಿ ಮಾಡುವುದು ಗೌರವದ ವಿಷಯ. ನಜರೇತಿನ ಬಡಗಿಯ ಮನೆಯನ್ನು ಪೂಜ್ಯವೆಂದು ನೆನೆಯುವ ನಾವು ಕರಕುಶಲತೆಯನ್ನು ಹೇಗೆ ಜರೆಯಲಾದೀತು? ಆ ಮನೆಯೇ ಇಟಲಿಯ ಲೊರೆಟ್ಟೊಗೆ ಸೇರಿತೆಂಬ ಪರಂಪರೆಯಿಂದಾಗಿ 1920ರಲ್ಲಿ ಪೋಪ್ 15ನೆಯ ಬೆನೆಡಿಕ್ಟರು ಲೊರೆಟ್ಟೊ ಮಾತೆಯನ್ನು ವಿಮಾನಯಾನಿಗಳ ಪಾಲಕಿಯೆಂದು ಘೋಷಿಸಿದರು. ಹಾರುವವರ ರಕ್ಷಣೆಯನ್ನು ಧರ್ಮಸಭೆ ಒಂದು ಮನೆಯ ಹೆಸರಿನೊಡನೆ ಜೋಡಿಸಿತೆಂಬುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಆದ್ದರಿಂದ ಮನೆಯಲ್ಲಿ ಈ ಮಾತು ಎದ್ದರೆ ನಗದೆ, ಹೆದರದೆ ಎಲ್ಲರೂ ಕುಳಿತು ಮಾತಾಡಬೇಕು. ಮೊದಲು ಹಾರುವುದನ್ನು ಕಲಿಯಲಿ. ಹಾರಾಟವೇ ಒಗ್ಗದಿದ್ದರೆ ಕಟ್ಟುವ ಖರ್ಚು ಉಳಿಯಿತು. ಈಗಾಗಲೇ ಕಟ್ಟಿದವರ ಶೆಡ್ಡಿಗೆ ಹೋಗಿ ಒಂದು ವಾರ ಕೈಜೋಡಿಸಲಿ. ಅನೇಕ ಕಂಪನಿಗಳು ಕಿಟ್ಟನ್ನು ಭಾಗಭಾಗವಾಗಿ ಮಾರುತ್ತವೆ. ಮೊದಲು ಬಾಲದ ಭಾಗವನ್ನು ಮಾತ್ರ ತರಿಸಲಿ. ಅದು ಮುಗಿದಾಗ ಮನೆ ಹೇಗಿದೆ, ಮನಸ್ಸು ಹೇಗಿದೆ, ಉಳಿತಾಯ ಎಷ್ಟಿದೆ ಎಂದು ಎಲ್ಲರೂ ನೋಡಲಿ. ಮುಂಗಡದ ವಿಷಯದಲ್ಲಿಯೂ ಎಚ್ಚರ ಬೇಕು. 11,000ಕ್ಕೂ ಹೆಚ್ಚು ಕಿಟ್ ವಿಮಾನಗಳು ಹಾರಿದ ಖ್ಯಾತಿಯುಳ್ಳ ವ್ಯಾನ್ಸ್ ಕಂಪನಿಯೇ 2023ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗಬೇಕಾಯಿತು, ಮರುವರ್ಷ ಚೇತರಿಸಿಕೊಂಡಿತು. ಸಾಲ ಮಾಡಿ ಮುಂಗಡ ಕೊಟ್ಟವನ ರಾತ್ರಿಗಳನ್ನು ಊಹಿಸಿಕೊಳ್ಳಬಹುದು.

ಕೊನೆಯದಾಗಿ ಒಂದು ಮಾತು. ಬಾಲವನ್ನು ಮುಗಿಸಿ, ‘ಇದು ನಮ್ಮಿಂದಾಗದು’ ಎಂದು ನಿಲ್ಲಿಸುವವನನ್ನು ಸೋತವನೆಂದು ಮನೆಯವರೂ ನೆರೆಯವರೂ ಹಂಗಿಸಬಾರದು. ಸಾಮತಿಯ ಗೋಪುರದವನು ನಗೆಗೀಡಾದದ್ದು ನಿಲ್ಲಿಸಿದ್ದಕ್ಕಾಗಿ ಅಲ್ಲ, ಲೆಕ್ಕ ಹಾಕದೆ ತೊಡಗಿದ್ದಕ್ಕಾಗಿ. ಹಂಗಣೆಗೆ ಅಂಜಿ ಅರೆಮನಸ್ಸಿನಿಂದ ಮುಗಿಸಿದ ವಿಮಾನಕ್ಕಿಂತ ಪ್ರಾಮಾಣಿಕವಾಗಿ ನಿಲ್ಲಿಸಿದ ವಿಮಾನ ಮೇಲು. ಮುಂದುವರಿಯುವವನಿಗೆ ನಮ್ಮ ಹರಕೆಯಿದೆ. ಅವನು ಪ್ರತಿ ರಿವೆಟ್ಟನ್ನು ಬಡಿಯುವಾಗ, ತನ್ನ ಮಗಳು ಆ ಆಸನದಲ್ಲಿ ಕುಳಿತಿದ್ದಾಳೆಂದು ನೆನೆದು ಬಡಿಯಲಿ. ಮುಂದೆ ಅದನ್ನು ಮಾರುವ ದಿನ ಬಂದರೆ, ಕೊಳ್ಳುವವನಿಗೂ ಒಬ್ಬ ಮಗಳಿರುತ್ತಾಳೆ.